ಕಣ್ಣು ತೆರೆಯದ ಯಂತ್ರ

ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲಾಗದು ಎಂದು ಹಿರಿಯರು ಹೇಳುವುದುಂಟು. ಎಚ್ಚರವಾಗಿದ್ದೂ ಕಣ್ಣು ತೆರೆಯಲಾರದ ಮೂರನೆಯದೊಂದು ವರ್ಗವನ್ನು ಅವರು ಎಣಿಸಲಿಲ್ಲ. ಎಣಿಸುವ ಪ್ರಸಂಗವೂ ಅವರಿಗೆ ಬಂದಿರಲಾರದು. ಲ್ಯಾಪ್‌ಟಾಪನ್ನು ಮನೆಯಲ್ಲಿಟ್ಟುಕೊಂಡು ಅದರಲ್ಲಿ ಲಿನಕ್ಸನ್ನು ಹಾಕಿಸಿಕೊಂಡವರಲ್ಲಿ ಅನೇಕರಿಗೆ ಈ ವರ್ಗದ ಪರಿಚಯ ಒಂದಲ್ಲ ಒಂದು ದಿನ ಆಗುತ್ತದೆ. ಮುಚ್ಚಳ ಮುಚ್ಚಿದರೆ ಯಂತ್ರ ಮಲಗುತ್ತದೆ. ತೆರೆದರೆ ಒಳಗಣ ಫ್ಯಾನು ತಿರುಗುತ್ತದೆ, ಅಂಚಿನ ದೀಪ ಮಿನುಗುತ್ತದೆ. ಪರದೆ ಮಾತ್ರ ಅಮಾವಾಸ್ಯೆಯ ರಾತ್ರಿ.

ಲಿನಕ್ಸು ನಮ್ಮ ಮನೆಗೆ ಬಂದುದು ಮಿತವ್ಯಯದ ದಾರಿಯಿಂದ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿ, ಆ ಮೇಲೆ ಲೋಕದ ನಾನಾ ಕಡೆಯವರು ಸೇರಿ ಬೆಳೆಸುತ್ತ ಬಂದಿರುವ ಈ ತಂತ್ರಾಂಶವನ್ನು ಹಣ ಕೊಡದೆ ಪಡೆಯಬಹುದು. ಹಳೆಯ ಯಂತ್ರದಲ್ಲಿಯೂ ಅದು ತಕ್ಕಮಟ್ಟಿಗೆ ನಡೆಯುತ್ತದೆ. ಕನ್ನಡದ ಕೀಲಿಮಣೆಯೂ ಅದರಲ್ಲಿ ದೊರೆಯುತ್ತದೆ. ನಮಗೆ ಬೇಕಾಗಿದ್ದುದು ಈ ಕೊನೆಯದು. ಎಂಬತ್ತೆರಡು ವರ್ಷದ ನಮ್ಮ ತಾಯಿಯವರು ದೀಪ ಹಚ್ಚಿದ ಮೇಲೆ ಒಂದು ಗಂಟೆಯ ಕಾಲ ತಮ್ಮ ಬಾಲ್ಯದ ಸಂಗತಿಗಳನ್ನು ಹೇಳುತ್ತಾರೆ. ನಾವು ಬೆರಳಚ್ಚು ಮಾಡುತ್ತೇವೆ. ಒಮ್ಮೆ ಹೇಳಿದುದನ್ನು ಅದೇ ಬಗೆಯಲ್ಲಿ ಎರಡನೆಯ ಸಲ ಹೇಳುವ ಅಭ್ಯಾಸ ಅವರಿಗಿಲ್ಲ. ನಡುನಡುವೆ ಯಾವುದೋ ಹೆಸರನ್ನು ಹುಡುಕುತ್ತ ಕಾಲು ಗಂಟೆ ಸುಮ್ಮನೆ ಕುಳಿತುಬಿಡುವುದೂ ಉಂಟು. ಅಷ್ಟರಲ್ಲಿ ಯಂತ್ರ ನಿದ್ರೆ ಹೋಗುತ್ತದೆ. ಹೆಸರು ನೆನಪಾಗುತ್ತದೆ, ಯಂತ್ರ ಏಳುವುದಿಲ್ಲ.

ರಿಪೇರಿಯವರೊಬ್ಬರನ್ನು ಕರೆದು ತೋರಿಸಿದೆವು. ‘ಗುಂಡಿಯನ್ನು ಹತ್ತು ಸೆಕೆಂಡು ಅದುಮಿ ಹಿಡಿಯಿರಿ, ಆರುತ್ತದೆ, ಮತ್ತೆ ಹಾಕಿದರೆ ಸರಿ’ ಎಂದು ಹೇಳಿ ಅವರು ಹಣ ಪಡೆದು ಹೋದರು. ಆ ಉಪಾಯದಿಂದ ಯಂತ್ರವೇನೋ ಮತ್ತೆ ಹತ್ತಿಕೊಳ್ಳುತ್ತಿತ್ತು, ಆದರೆ ಉಳಿಸದೆ ಇದ್ದ ಬರೆಹ ಹೋಗುತ್ತಿತ್ತು. ನಾವು ಬಳಸುವ ಲಿಬ್ರೆಆಫೀಸು ಹತ್ತು ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿಯನ್ನು ತೆಗೆದಿಡುತ್ತದೆ ಎಂಬುದು ನಿಜ. ಆದರೆ ಹತ್ತು ನಿಮಿಷದಲ್ಲಿ ನಮ್ಮ ತಾಯಿಯವರು ಒಂದು ಮದುವೆಯನ್ನೇ ಮುಗಿಸಿಬಿಡುತ್ತಾರೆ. ‘ಆರತಿಯ ಹಾಡು ಹೇಳಿದವಳ ಹೆಸರು ಬರೆದುಕೊಂಡೆಯೇನಪ್ಪಾ?’ ಎಂದು ಮರುದಿನ ಅವರು ಕೇಳಿದಾಗ ಆ ಹೆಸರು ಕಡತದಲ್ಲಿ ಇರಲಿಲ್ಲ. ಅವರ ನೆನಪಿಗೂ ಅದು ಮತ್ತೆ ಬರಲಿಲ್ಲ.

ನಿದ್ರೆಯನ್ನೇ ತಪ್ಪಿಸಬಾರದೇ ಎಂದು ವಾಚಕರು ಕೇಳಬಹುದು. ತಪ್ಪಿಸಬಹುದು. ಆದರೆ ನಮ್ಮ ಯಂತ್ರದ ಬ್ಯಾಟರಿ ಹಳೆಯದು. ಕರೆಂಟು ಹೋಗಿ ಬರುತ್ತಿರುವುದೂ ಹೊಸದಲ್ಲ. ಮೇಲಾಗಿ ಕೆಲಸವಿಲ್ಲದಾಗ ಮುಚ್ಚಳ ತೆರೆದಿಡುವುದೆಂದರೆ ನಮ್ಮ ತಾಯಿಯವರಿಗೆ ಹಾಲಿನ ಪಾತ್ರೆಯನ್ನು ತೆರೆದಿಟ್ಟ ಹಾಗೆ. ನಾವು ಎದ್ದು ಹೋದೊಡನೆ ಅವರೇ ಮುಚ್ಚಿಬಿಡುತ್ತಾರೆ.

ಈ ತೊಂದರೆಯನ್ನು ಕ್ರಮವಾಗಿ ವಿಚಾರಿಸಿದವನು ನಮ್ಮ ಅಣ್ಣನ ಮಗ. ಯಂತ್ರಕ್ಕೆ ಒಂದೇ ಬಗೆಯ ನಿದ್ರೆಯಲ್ಲ ಎಂಬುದನ್ನು ಅವನಿಂದಲೇ ತಿಳಿದೆವು. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಎಂಬ ಮೂರು ಸಂಸ್ಥೆಗಳು ಕೂಡಿ 1996ರಲ್ಲಿ ಹೊರಡಿಸಿದ ಎಸಿಪಿಐ ಎಂಬ ನಿಬಂಧನೆಯಲ್ಲಿ ಈ ನಿದ್ರೆಗಳಿಗೆ ಅಂಕೆಗಳಿವೆ. ಅವುಗಳಲ್ಲಿ ಎಸ್3 ಎಂಬುದು ಗಾಢನಿದ್ರೆ. ಆಗ ಮೆಮೊರಿಗೆ ಮಾತ್ರ ತುಸು ವಿದ್ಯುತ್ತು ಹರಿಯುತ್ತಿದ್ದು, ಮಿಕ್ಕ ಅಂಗಗಳಲ್ಲಿ ಬಹುಪಾಲು ಆರಿಹೋಗುತ್ತವೆ. ಎಸ್4ರಲ್ಲಿ ಮೆಮೊರಿಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿಯಾಗಿ ಆರುತ್ತದೆ. ಇವೆರಡಕ್ಕಿಂತ ಹಗುರಾದ, ಕೋಳಿನಿದ್ದೆಯೆನ್ನಬಹುದಾದ ಮತ್ತೊಂದು ಬಗೆಯನ್ನು ಲಿನಕ್ಸು ಎಸ್2ಐಡಲ್ ಎಂದು ಕರೆಯುತ್ತದೆ. ಇದರಲ್ಲಿ ಕೆಲಸಗಳೆಲ್ಲ ನಿಂತಿರುತ್ತವೆ, ಆದರೆ ಅಂಗಗಳು ಗಾಢನಿದ್ರೆಯಲ್ಲಿ ಆರುವಂತೆ ಆರಿರುವುದಿಲ್ಲ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ತಯಾರಕರು ಎಸ್3ನ್ನು ಕೈಬಿಟ್ಟು ಇಂಥ ಹಗುರನಿದ್ರೆಯನ್ನೇ ಇಟ್ಟಿರುವುದುಂಟು. ನಮ್ಮದರಲ್ಲಿ ಎರಡೂ ಇದ್ದುವು.

ಗಾಢನಿದ್ರೆಯಿಂದ ಏಳುವಾಗ ಪ್ರತಿಯೊಂದು ಅಂಗವನ್ನೂ ಅದರ ಡ್ರೈವರು ಹೊಸದಾಗಿ ಸಿದ್ಧಗೊಳಿಸಬೇಕು. ಇವುಗಳಲ್ಲಿ ಹಟಮಾರಿಯೆಂದರೆ ಚಿತ್ರವನ್ನು ಪರದೆಗೆ ಕಳುಹಿಸುವ ಗ್ರಾಫಿಕ್ಸ್ ಚಿಪ್ಪು. ಮಲಗುವ ಮುಂಚೆ ತಾನು ಏನು ಮಾಡುತ್ತಿದ್ದೆನೆಂಬುದು ಅದಕ್ಕೆ ಪೂರ್ತಿಯಾಗಿ ಮರೆತುಹೋಗಿರುತ್ತದೆ. ಡ್ರೈವರು ಅದಕ್ಕೆ ಎಲ್ಲವನ್ನೂ ಮೊದಲಿನಿಂದ ಹೇಳಿಕೊಡಬೇಕು. ಹೇಳಿಕೊಡುವುದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಪರದೆ ಕಪ್ಪು. ಆದುದರಿಂದ ಕಪ್ಪು ಪರದೆಯೆಂಬುದು ರೋಗದ ಹೆಸರಲ್ಲ. ಯಂತ್ರ ಸತ್ತಿರಬಹುದು, ಪರದೆಯ ಹಿಂದಣ ಬೆಳಕು ಮಾತ್ರ ಹತ್ತದೆ ಇರಬಹುದು, ಇಲ್ಲವೆ ಎಲ್ಲವೂ ಎಚ್ಚರವಾಗಿದ್ದು ಚಿತ್ರವೊಂದೇ ಬಾರದೆ ಇರಬಹುದು. ಗುಂಡಿ ಅದುಮುವ ವೈದ್ಯಕ್ಕೆ ಈ ಮೂರೂ ಒಂದೇ.

ಹುಡುಗ ಮೊದಲು ಕ್ಯಾಪ್ಸ್‌ಲಾಕ್ ಕೀಲಿಯನ್ನು ಒತ್ತಿದನು. ಅದರ ಪುಟ್ಟ ದೀಪ ಹತ್ತಿತು; ಮತ್ತೆ ಒತ್ತಲು ಆರಿತು. ಬಳಿಕ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿದನು. ಹಿಂಬೆಳಕು ಮಾತ್ರ ಕೆಟ್ಟಿದ್ದರೆ ಮಸುಕಾಗಿಯಾದರೂ ಅಕ್ಷರಗಳು ಕಾಣಬೇಕು, ಏನೂ ಕಾಣಲಿಲ್ಲ. ಹಿಂದಿನ ದಿನವೇ ಏರ್ಪಡಿಸಿಟ್ಟಿದ್ದ ಎಸ್‌ಎಸ್‌ಎಚ್ ಎಂಬ ವ್ಯವಸ್ಥೆಯ ಮೂಲಕ ತನ್ನ ಗಣಕದಿಂದ ಇದನ್ನು ಕರೆದನು. ಯಂತ್ರ ಓಗೊಟ್ಟಿತು!

‘ಚಿಕ್ಕಪ್ಪ, ಇದು ಸತ್ತಿಲ್ಲ, ಕತ್ತಲೆಯಲ್ಲಿ ಕೂತಿದೆ ಅಷ್ಟೆ. ನಿಮ್ಮ ಪಾಸ್‌ವರ್ಡನ್ನು ಹಾಗೆಯೇ ಒತ್ತಿ ಎಂಟರ್ ಹೊಡೆಯಿರಿ. ಆಮೇಲೆ ಕಂಟ್ರೋಲ್ ಮತ್ತು ಎಸ್ ಒತ್ತಿ’ ಎಂದನು.

ಏನೂ ಕಾಣದ ಪರದೆಯ ಮುಂದೆ ಕುಳಿತು ನಾವು ಒಂದೊಂದೇ ಕೀಲಿಯನ್ನು ಎಣಿಸಿ ಒತ್ತಿದೆವು. ‘ಕತ್ತಲೆಯಲ್ಲಿ ಬರೆದದ್ದು ನಿಲ್ಲುತ್ತೇನೋ ಮರೀ?’ ಎಂದು ನಮ್ಮ ತಾಯಿಯವರು ಮೊಮ್ಮಗನನ್ನು ಕೇಳಿದರು. ಅವನು ಉತ್ತರ ಹೇಳದೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಎಂಬ ಅಕ್ಷರಗಳನ್ನು ತುಸು ತಡೆತಡೆದು ಒತ್ತಿದನು. ಇದು ಕರ್ನೆಲ್ಲಿಗೆ ನೇರವಾಗಿ ಮುಟ್ಟುವ ಸನ್ನೆ: ಮೊದಲನೆಯದು ಬರೆಯಬೇಕಾದುದನ್ನು ಡಿಸ್ಕಿಗೆ ಬರೆಯಿಸುತ್ತದೆ, ಎರಡನೆಯದು ಡಿಸ್ಕನ್ನು ಓದಲಿಕ್ಕೆ ಮಾತ್ರವೆಂದು ಮಾಡುತ್ತದೆ, ಮೂರನೆಯದು ಯಂತ್ರವನ್ನು ಹೊಸದಾಗಿ ಆರಂಭಿಸುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕಾಗುತ್ತದೆ. ಈ ಸನ್ನೆಗೆ ಅಪ್ಪಣೆಯಿಲ್ಲದಂತೆ ಮಾಡಿರುವ ವ್ಯವಸ್ಥೆಗಳೂ ಇವೆ. ನಮ್ಮದು ಒಪ್ಪಿಕೊಂಡಿತು. ಕಡತ ತೆರೆದಾಗ ಆ ಸಂಜೆಯ ಮಾತೆಲ್ಲ, ಅರ್ಧಕ್ಕೆ ನಿಂತಿದ್ದ ಕೊನೆಯ ವಾಕ್ಯದ ಸಹಿತ, ಇದ್ದಿತು. ನಮ್ಮ ತಾಯಿಯವರು ಕನ್ನಡಕ ಹಾಕಿಕೊಂಡು ತಾವೇ ಓದಿ ನೋಡಿದರು.

ಲಿನಕ್ಸಿನಲ್ಲಿ ನಮಗೆ ಮೆಚ್ಚುಗೆಯಾದುದು ಅದು ಇಡುವ ದಿನಚರಿ. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯಿಂದ ಹಿಂದಿನ ಸಲ ಯಂತ್ರ ಹತ್ತಿದಾಗಿನಿಂದ ಆರುವವರೆಗೆ ನಡೆದುದನ್ನು ಓದಬಹುದು. ಅದರಲ್ಲಿ ನಿದ್ರೆಗೆ ಹೋದುದಕ್ಕೆ ‘ಸಸ್ಪೆಂಡ್ ಎಂಟ್ರಿ’ ಎಂದೂ ಎದ್ದುದಕ್ಕೆ ‘ಸಸ್ಪೆಂಡ್ ಎಗ್ಸಿಟ್’ ಎಂದೂ ಸಾಲುಗಳಿರುತ್ತವೆ. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ಯಂತ್ರ ನಡುದಾರಿಯಲ್ಲಿ ಬಿದ್ದಿರಬಹುದು. ನಮ್ಮ ದಿನಚರಿಯಲ್ಲಿ ಎರಡೂ ಇದ್ದುವು. ಅವುಗಳ ಬೆನ್ನಿಗೆ ಗ್ರಾಫಿಕ್ಸ್ ಡ್ರೈವರಿನ ದೂರುಗಳಿದ್ದುವು. ಹಿಂದಿನ ಕಪ್ಪು ಸಂಜೆಗಳ ದಿನಚರಿಯಲ್ಲಿಯೂ ಇದೇ ಸಾಲುಗಳು. ಎಂದರೆ ಆರತಿಯ ಹಾಡಿನವಳ ಹೆಸರು ಆ ದಿನವೂ ಮೆಮೊರಿಯಲ್ಲಿ ಸುರಕ್ಷಿತವಾಗಿ ಕುಳಿತಿದ್ದಿತು, ಗುಂಡಿಯನ್ನು ಅದುಮುವವರೆಗೆ.

ಯಂತ್ರ ನಿಜವಾಗಿಯೂ ನಡುದಾರಿಯಲ್ಲಿ ಬಿದ್ದರೆ ದಿನಚರಿ ಬರೆಯುವವರೂ ಇರುವುದಿಲ್ಲ. ಅದಕ್ಕೂ ಕರ್ನೆಲ್ಲಿನವರು ಒಂದು ಉಪಾಯ ಮಾಡಿದ್ದಾರೆ. ಯಂತ್ರವೆಲ್ಲ ಆರಿದರೂ ಒಳಗಿನ ಗಡಿಯಾರ ನಡೆಯುತ್ತಿರುತ್ತದಷ್ಟೆ. ಪಿಎಂ ಟ್ರೇಸ್ ಎಂಬ ಸೌಕರ್ಯವನ್ನು ಮುಂಚಿತವಾಗಿ ಏರ್ಪಡಿಸಿದ್ದರೆ, ಕರ್ನೆಲ್ಲು ಏಳುವಾಗ ಇಡುವ ಹೆಜ್ಜೆಗಳ ಗುರುತನ್ನು ಆ ಗಡಿಯಾರದಲ್ಲಿ ಬರೆಯುತ್ತ ಹೋಗುತ್ತದೆ. ತಡಮಾಡದೆ ಮತ್ತೆ ಆರಂಭಿಸಿದರೆ ಎಲ್ಲಿ ಬಿದ್ದಿತೆಂಬ ಸುಳಿವು ಸಿಕ್ಕುತ್ತದೆ. ತಾರೀಖು ಮಾತ್ರ ಅಡ್ಡಾದಿಡ್ಡಿಯಾಗಿ, ತಿದ್ದಿಕೊಳ್ಳಬೇಕಾಗುತ್ತದೆ. ಕೊನೆಯ ಮಾತನ್ನು ಗಡಿಯಾರದ ಕಿವಿಯಲ್ಲಿ ಹೇಳಿ ಹೋಗುವ ಈ ಕಲ್ಪನೆ ಯಾರದಾದರೂ ಅವರಿಗೆ ಒಂದು ನಮಸ್ಕಾರ. ನಮಗೆ ಅದು ಬೇಕಾಗಲಿಲ್ಲ.

ಹುಡುಗ ಗ್ರಬ್ ಎಂಬ ಆರಂಭದ ಪಟ್ಟಿಯಿಂದ ಹಿಂದಿನ ಕರ್ನೆಲ್ಲನ್ನು ಆರಿಸಿ ನೋಡಿದನು, ಗುಣ ಕಾಣಲಿಲ್ಲ. ಆಮೇಲೆ ಮೆಮ್‌ಸ್ಲೀಪ್ ಎಂಬ ಕಡತವನ್ನು ತೆರೆದು ತೋರಿಸಿದನು. ಅದರಲ್ಲಿದ್ದ ಎರಡು ಪದಗಳಲ್ಲಿ ಗಾಢನಿದ್ರೆಯ ಹೆಸರಾದ ‘ಡೀಪ್’ ಎಂಬುದಕ್ಕೆ ಆವರಣಚಿಹ್ನೆಯಿದ್ದಿತು. ಬಳಕೆಯಲ್ಲಿರುವುದು ಅದೆಂದು ಅರ್ಥ. ಅದನ್ನು ಬದಲಿಸಿ ಕೋಳಿನಿದ್ದೆಯನ್ನು ಗೊತ್ತುಮಾಡಿ ಮುಚ್ಚಳ ಮುಚ್ಚಿ ತೆರೆದನು. ಪರದೆ ಬೆಳಗಿತು. ಹತ್ತು ಸಲ ಹೀಗೆ ಮಾಡಿ, ಹತ್ತು ಸಲವೂ ಬೆಳಗಿದ ಮೇಲೆ, ಯಂತ್ರ ಹತ್ತಿದಾಗಲೆಲ್ಲ ಅದೇ ನಿದ್ರೆ ನಿಲ್ಲುವಂತೆ ಗ್ರಬ್ಬಿನಲ್ಲಿ ಒಂದು ಮಾತನ್ನು ಸೇರಿಸಿದನು.

ಇದಕ್ಕೆ ತೆರಬೇಕಾದ ಬೆಲೆಯಿಲ್ಲದಿಲ್ಲ. ಗಾಢನಿದ್ರೆಯಲ್ಲಿ ಅಷ್ಟಾಗಿ ಇಳಿಯದ ಬ್ಯಾಟರಿ ಈಗ ಒಂದು ರಾತ್ರಿಯಲ್ಲಿ ಕಾಲುಭಾಗ ಇಳಿದಿರುತ್ತದೆ. ಆದುದರಿಂದ ಮಲಗುವ ಮುಂಚೆ ಅದನ್ನು ಪೂರ್ತಿಯಾಗಿ ಆರಿಸಿಬಿಡುತ್ತೇವೆ. ಡ್ರೈವರಿನ ದೂರುಗಳನ್ನು ಹುಡುಗ ಪ್ರತಿಮಾಡಿ, ಅದನ್ನು ಬರೆಯುವವರಿಗೆ ಕಳುಹಿಸಿದ್ದಾನೆ. ಹೊಸ ಕರ್ನೆಲ್ಲು ಬಂದಾಗಲೆಲ್ಲ, ಬರೆಹವನ್ನು ಉಳಿಸಿಕೊಂಡ ಮೇಲೆ, ಗಾಢನಿದ್ರೆಯನ್ನು ಒಮ್ಮೆ ಪರೀಕ್ಷಿಸಿ ನೋಡುವುದುಂಟು. ಈವರೆಗೆ ಪರದೆ ಬೆಳಗಿಲ್ಲ. ನಮ್ಮ ತಾಯಿಯವರ ಕಥೆ 1962ರ ತಮ್ಮ ಮದುವೆಯನ್ನು ದಾಟಿ, ಮೊದಲನೆಯ ಬಾಣಂತನದ ವರೆಗೆ ಬಂದಿದೆ.