ಫ್ಲಾಪಿಯೊಳಗಿನ ಎತ್ತಿನ ಗಾಡಿ

ಮಕ್ಕಳೇ, ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ಆಟ ಆಡಿರುತ್ತೀರಿ. ಶಾಲೆಯ ಕಂಪ್ಯೂಟರಿನಲ್ಲೂ ಆಡಿರಬಹುದು. ಆದರೆ ನಿಮ್ಮ ಅವ್ವ ಅಥವಾ ಅಪ್ಪ ನಿಮ್ಮಷ್ಟೇ ದೊಡ್ಡವರಿದ್ದಾಗ ಆಡಿದ ಕಂಪ್ಯೂಟರ್ ಆಟವನ್ನು ಅದೇ ಶಾಲೆಯಲ್ಲಿ ಕುಳಿತು ಆಡಿದ್ದೀರಾ? ನವಲಗುಂದ ತಾಲ್ಲೂಕಿನ ಒಂದು ಶಾಲೆಯ ಏಳನೆಯ ತರಗತಿಯ ಮಕ್ಕಳು ಆಡಿದ್ದಾರೆ. ಆ ಆಟವನ್ನು ಮತ್ತೆ ನಡೆಸಲು ನಾವು ಪಟ್ಟ ಪಾಡು, ಅದರಿಂದ ಕಲಿತ ವಿಜ್ಞಾನ ಮತ್ತು ನಾನು ಮಾಡಿದ ಒಂದು ತಪ್ಪು, ಈ ಮೂರನ್ನೂ ಇಲ್ಲಿ ಹೇಳುತ್ತೇನೆ.

2003ರಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಆ ಶಾಲೆಗೆ ಹೊಸ ಶಿಕ್ಷಕಿಯಾಗಿ ಸೇರಿದ್ದೆ. ಹುಬ್ಬಳ್ಳಿಯ ಅಂಗಡಿಯವರೊಬ್ಬರು ತಮಗೆ ಬೇಡವಾದ ಒಂದು ಕಂಪ್ಯೂಟರನ್ನು ಶಾಲೆಗೆ ಕೊಟ್ಟಿದ್ದರು. ಅದು ಆಗಲೇ ಹಳೆಯದು. ಅದರೊಳಗಿನ ಸಂಸ್ಕಾರಕ, ಅಂದರೆ ಲೆಕ್ಕ ಮಾಡುವ ಮುಖ್ಯ ಭಾಗ, 486 ಎಂಬ ಜಾತಿಯದು. ನಮ್ಮ ಹೆಡ್‌ಮಾಸ್ತರು ಒಂದು ಪುಸ್ತಕ ತಂದು, ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬರೇ ಕುಳಿತು ಕ್ಯೂಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತರು. ಆ ಭಾಷೆಯಲ್ಲಿ ಒಂದು ಆಟ ಬರೆದರು.

ಪರದೆಯ ಮೇಲೆ ಎರಡು ಎತ್ತಿನ ಗಾಡಿಗಳು. ಎಡಗಡೆ ನವಲಗುಂದ, ಬಲಗಡೆ ಅಣ್ಣಿಗೇರಿ. ಮಗ್ಗಿಯ 20 ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಸರಿ ಉತ್ತರ ಕೊಟ್ಟರೆ ನಿಮ್ಮ ಗಾಡಿ ಮುಂದೆ ಹೋಗುತ್ತದೆ. ಇನ್ನೊಂದು ಗಾಡಿ ಮಾತ್ರ ಯಾರಿಗೂ ಕಾಯದೆ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಎತ್ತುಗಳ ಚಿತ್ರ ಚೌಕ ಚೌಕವಾಗಿತ್ತು, ನವಲಗುಂದದ ಜಮಖಾನದಲ್ಲಿ ನೇಯ್ದ ನವಿಲಿನ ಹಾಗೆ. ಆ ಪರದೆಯಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಆದ್ದರಿಂದ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು.

"ಅಕ್ಕೋರ, ಇದು ಬರೇ ಆಟ ಅಲ್ಲ ಮತ್ತ. ಎತ್ತ ಓಡಬೇಕಂದ್ರ ಹುಡುಗ್ರು ತಾವ ಮಗ್ಗಿ ಕಲೀತಾವ," ಎಂದು ಅವರು ನಗುತ್ತ ಹೇಳಿದ್ದು ನನಗೆ ಇನ್ನೂ ನೆನಪಿದೆ. ಅವರು ಹೇಳಿದಂತೆಯೇ ಆಯಿತು. ಆಟ ಮುಗಿದ ಮೇಲೆ ಆಡಿದವರ ಹೆಸರು ಮತ್ತು ಅಂಕ ಒಂದು ಪಟ್ಟಿಗೆ ಸೇರುತ್ತಿತ್ತು. ಆ ವರ್ಷ 40 ಮಕ್ಕಳ ಹೆಸರು ಸೇರಿದವು.

2006ರಲ್ಲಿ ನನಗೆ ವರ್ಗವಾಯಿತು. ಹೊರಡುವ ದಿನ ಹೆಡ್‌ಮಾಸ್ತರು ಎರಡು ಫ್ಲಾಪಿಗಳನ್ನು ನನ್ನ ಕೈಗಿಟ್ಟು, "ಇದರಾಗ ಆಟ ಐತಿ. ಜ್ವಾಪಾನ ಇಡ್ರಿ," ಎಂದರು. ಈಗ ಅವರಿಲ್ಲ.

ಹಾರಿಹೋದ ಗಾಡಿ

2009ರಲ್ಲಿ ಒಮ್ಮೆ ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನಲ್ಲಿ ಆ ಫ್ಲಾಪಿ ಹಾಕಿದೆ. ಆಟ ಶುರುವಾಯಿತು. ಆದರೆ ನಾನು ಮೊದಲ ಪ್ರಶ್ನೆ ಓದುವುದರೊಳಗೆ ಎದುರಾಳಿ ಗಾಡಿ ಅಣ್ಣಿಗೇರಿ ಮುಟ್ಟಿಬಿಟ್ಟಿತ್ತು! ಮತ್ತೆ ಮತ್ತೆ ಆಡಿದೆ. ಪ್ರತಿ ಸಲವೂ ಸೋಲು.

ಏಕೆ ಹೀಗಾಯಿತು? ಹೆಡ್‌ಮಾಸ್ತರು ಆ ಗಾಡಿಗೆ ಕೊಟ್ಟಿದ್ದ ಆದೇಶ ಹೀಗಿತ್ತು: "ಒಂದರಿಂದ ಐದು ಸಾವಿರದವರೆಗೆ ಸುಮ್ಮನೆ ಎಣಿಸು. ಆಮೇಲೆ ಒಂದು ಹೆಜ್ಜೆ ಇಡು." ಗಾಡಿ ಗಡಿಯಾರ ನೋಡುತ್ತಿರಲಿಲ್ಲ, ಎಣಿಸುತ್ತಿತ್ತು. ಎಣಿಸುವವರು ಚುರುಕಾದರೆ ಹೆಜ್ಜೆಯೂ ಬೇಗ ಬೀಳುತ್ತದೆ. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಮಿಡಿತ ಸೆಕೆಂಡಿಗೆ ಸುಮಾರು 47 ಲಕ್ಷ 70 ಸಾವಿರ. ಈಗಿನ ಸಾಮಾನ್ಯ ಕಂಪ್ಯೂಟರಿನ ಮಿಡಿತ ಸೆಕೆಂಡಿಗೆ 200 ಕೋಟಿಗೂ ಹೆಚ್ಚು. ಹಿಂದಿನ ಎಷ್ಟೋ ಆಟಗಳನ್ನು ಹೀಗೆ ಎಣಿಕೆಯ ಮೇಲೆಯೇ ಬರೆದಿದ್ದರು. ವೇಗದ ಯಂತ್ರಗಳು ಬಂದಾಗ ಆ ಆಟಗಳು ಆಡಲಾಗದಷ್ಟು ಓಡತೊಡಗಿದವು. ಅದಕ್ಕಾಗಿ ಆ ಕಾಲದ ಹಲವು ಕಂಪ್ಯೂಟರುಗಳ ಮುಂಭಾಗದಲ್ಲಿ 'ಟರ್ಬೊ' ಎಂಬ ಗುಂಡಿ ಇರುತ್ತಿತ್ತು. ಹೆಸರು ವೇಗದ್ದಾದರೂ ಅದರ ಉಪಯೋಗ ಬೇಕಾದಾಗ ಯಂತ್ರವನ್ನು ನಿಧಾನ ಮಾಡುವುದು!

ನಾನು ಬೇಸರದಿಂದ ಫ್ಲಾಪಿಗಳನ್ನು ನನ್ನ ಮೇಜಿನ ಖಾನೆಗೆ ಹಾಕಿದೆ. ಅದೇ ಖಾನೆಯಲ್ಲಿ ಪ್ರಯೋಗಕ್ಕೆಂದು ಇಟ್ಟಿದ್ದ ದಂಡಕಾಂತಗಳಿದ್ದವು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ವೇಷ ಕಟ್ಟಿದ ಯಂತ್ರ

ಇತ್ತೀಚೆಗೆ ಜಿಲ್ಲೆಯ ಸಂಪನ್ಮೂಲ ಶಿಕ್ಷಕಿಯಾಗಿ ಅದೇ ಶಾಲೆಗೆ ಹೋದೆ. ಸಾಮಾನಿನ ಕೋಣೆಯಲ್ಲಿ ಆ ಹಳೆಯ ಕಂಪ್ಯೂಟರ್ ಇತ್ತು. ಕರೆಂಟು ಕೊಟ್ಟರೂ ಏಳಲಿಲ್ಲ. ಒಬ್ಬ ಹುಡುಗ ಕೇಳಿದ: "ಅಕ್ಕೋರ, ಇದರಾಗ ಆಟ ಇದ್ದುವೇನ್ರಿ?" ನನಗೆ ಖಾನೆಯಲ್ಲಿದ್ದ ಫ್ಲಾಪಿಗಳು ನೆನಪಾದವು.

ಮುಂದಿನ ವಾರ ಫ್ಲಾಪಿಗಳ ಜೊತೆ ಒಂದು ಲ್ಯಾಪ್‌ಟಾಪ್ ಮತ್ತು ಯು.ಎಸ್.ಬಿ.ಗೆ ಜೋಡಿಸುವ ಫ್ಲಾಪಿ ಓದುಗವನ್ನು ಒಯ್ದೆ. ಆಟ, ಅದನ್ನು ನಡೆಸುವ ಕ್ಯೂಬೇಸಿಕ್, ಎರಡೂ ಒಂದೇ ಫ್ಲಾಪಿಯಲ್ಲಿದ್ದವು. ಅವು ಸರಿಯಾಗಿ ಲ್ಯಾಪ್‌ಟಾಪಿಗೆ ಬಂದವು. ಆದರೆ ನಡೆಸಲು ಹೋದರೆ, ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಸಂದೇಶ! 2009ರಲ್ಲಿ ಗಾಡಿ ಓಡಿಯಾದರೂ ಓಡಿತ್ತು. ಈಗ ಏಳಲೂ ಇಲ್ಲ.

ಕಾರಣ ಇದು. ಕ್ಯೂಬೇಸಿಕ್ 16 ಬಿಟ್ ಕಾಲದ ತಂತ್ರಾಂಶ. ನನ್ನ ಹಳೆಯ ಎಕ್ಸ್‌ಪಿ 32 ಬಿಟ್‌ನದು. ಅದರಲ್ಲಿ 16 ಬಿಟ್ ತಂತ್ರಾಂಶಗಳಿಗೆಂದು ಒಂದು ವ್ಯವಸ್ಥೆ ಇತ್ತು. 64 ಬಿಟ್ ವಿಂಡೋಸಿನಲ್ಲಿ ಆ ವ್ಯವಸ್ಥೆ ಇಲ್ಲ. 2021ರಲ್ಲಿ ಬಂದ ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅಂದರೆ ಆಟ ಕೆಟ್ಟಿರಲಿಲ್ಲ. ಅದು ಕೇಳುವ ಯಂತ್ರ ಅಲ್ಲಿರಲಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡುವುದು? ನಮ್ಮ ಕಡೆಯ ದೊಡ್ಡಾಟ ನೋಡಿದ್ದೀರಲ್ಲ? ಹಗಲು ಹೊಲದಲ್ಲಿ ದುಡಿದವರು ರಾತ್ರಿ ಕಿರೀಟ ಇಟ್ಟು, ಗದೆ ಹಿಡಿದು ಭೀಮನಾಗುತ್ತಾರೆ. ಎದುರು ನಿಂತ ದುರ್ಯೋಧನ ಅವರನ್ನು ಭೀಮನೆಂದೇ ತಿಳಿದು ಮಾತಾಡುತ್ತಾನೆ. ಕಂಪ್ಯೂಟರಿಗೂ ಹೀಗೆ ವೇಷ ಕಟ್ಟಬಹುದು! ಒಂದು ತಂತ್ರಾಂಶವು ಹೊಸ ಯಂತ್ರದೊಳಗೆ ಕುಳಿತು ಹಳೆಯ ಯಂತ್ರದಂತೆ ನಟಿಸುತ್ತದೆ. ಹಳೆಯ ಆಟ ಒಂದು ಆದೇಶ ಕೊಟ್ಟರೆ ಅದನ್ನು ಹೊಸ ಯಂತ್ರಕ್ಕೆ ತಿಳಿಯುವಂತೆ ಬದಲಿಸಿ ಮಾಡಿಸುತ್ತದೆ. ಇಂಥ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ನಾವು ಬಳಸಿದ್ದು 2002ರಲ್ಲಿ ಮೊದಲು ಬಿಡುಗಡೆಯಾದ ಡಾಸ್‌ಬಾಕ್ಸ್. ಇದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶ.

ಮಕ್ಕಳು ಹಾಕಿದ ಲೆಕ್ಕ

ಡಾಸ್‌ಬಾಕ್ಸಿನೊಳಗೆ ಆಟ ಎದ್ದಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಈ ಸಲ ಎದುರಾಳಿ ಗಾಡಿ, ಮಳೆಗಾಲದಲ್ಲಿ ಎರೆ ಮಣ್ಣಿನೊಳಗೆ ಸಿಕ್ಕಿಕೊಂಡ ಗಾಡಿಯಂತೆ ತೆವಳುತ್ತಿತ್ತು! ಯಾರು ಬೇಕಾದರೂ ಗೆಲ್ಲಬಹುದಿತ್ತು. ಸೋಲುವ ಭಯವೇ ಇಲ್ಲದ ಆಟದಲ್ಲಿ ಏನು ಮಜಾ?

ವೇಷ ಕಟ್ಟಿದ ಯಂತ್ರಕ್ಕೆ ನಾವೇ ವೇಗ ಹೇಳಬೇಕು. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಎಷ್ಟು ಆದೇಶ ಪಾಲಿಸಬೇಕು ಎಂಬುದೇ ಆ ಸಂಖ್ಯೆ. ನಾವು ಬಳಸಿದ ಡಾಸ್‌ಬಾಕ್ಸಿನಲ್ಲಿ ಅದು 3,000 ಇತ್ತು. ಎಷ್ಟಕ್ಕೆ ಏರಿಸುವುದು? ನಿಜವಾದ ವೇಗ ಹೇಳಲು ಹೆಡ್‌ಮಾಸ್ತರು ಇಲ್ಲ, ಹಳೆಯ ಕಂಪ್ಯೂಟರೂ ಸತ್ತಿದೆ.

ಆಗ ಆಟದ ಬರಹವನ್ನೇ ತೆರೆದು ಸಾಲು ಸಾಲಾಗಿ ಓದಿದೆವು. ಅಲ್ಲಿ ಸಿಕ್ಕಿತು! ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದ, ಮನುಷ್ಯರಿಗಾಗಿ ಮಾತ್ರ ಬರೆದಿಡುವ ಒಂದು ಟಿಪ್ಪಣಿ ಸಾಲಿನಲ್ಲಿ ಹೆಡ್‌ಮಾಸ್ತರು ಹೇಳಿದ್ದರು: ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಎದುರಾಳಿ ಗಾಡಿ 60 ಸೆಕೆಂಡಿಗೆ ಅಣ್ಣಿಗೇರಿ ಸೇರುತ್ತದೆ.

ಮುಂದಿನ ಕೆಲಸ ಮಕ್ಕಳದು. ಮೊಬೈಲಿನ ನಿಲ್ಲುಗಡಿಯಾರ ಹಿಡಿದು ಮೂರು ಸಲ ಅಳೆದರು. 239, 241, 240 ಸೆಕೆಂಡು. ಸರಾಸರಿ 240. ಬೇಕಾದದ್ದು 60. ಕಾಲ ನಾಲ್ಕನೆಯ ಒಂದು ಭಾಗವಾಗಬೇಕಾದರೆ ವೇಗ ನಾಲ್ಕು ಪಟ್ಟಾಗಬೇಕು. ಇದು ವಿಲೋಮ ಅನುಪಾತ. 3,000ವನ್ನು 4ರಿಂದ ಗುಣಿಸಿದರೆ 12,000. ಆ ಸಂಖ್ಯೆ ಕೊಟ್ಟು ಮತ್ತೆ ಅಳೆದೆವು. 61 ಸೆಕೆಂಡು! ಗಾಡಿ 2003ರ ವೇಗದಲ್ಲಿ ನಡೆಯತೊಡಗಿತು. ಕರಿಹಲಗೆಯ ಮೇಲೆ ಕಲಿತ ಗಣಿತ ಇಷ್ಟು ಬೇಗ ಕೆಲಸಕ್ಕೆ ಬಂದದ್ದನ್ನು ಕಂಡು ಅವರಿಗೂ ಖುಷಿ, ನನಗೂ ಖುಷಿ.

ಓದಲು ಬಾರದ ಒಂದು ಕೋಣೆ

ಇನ್ನು ಹೆಸರುಗಳ ಪಟ್ಟಿ. ಅದನ್ನು ನಕಲು ಮಾಡುವಾಗ ಲ್ಯಾಪ್‌ಟಾಪ್ ತಡವರಿಸಿ ನಿಂತಿತು. ಡಿಸ್ಕಿನ ಆ ಭಾಗವನ್ನು ಅದಕ್ಕೆ ಓದಲಾಗಲಿಲ್ಲ.

ಫ್ಲಾಪಿ ಎಂದರೆ ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಾಂತೀಯ ಪುಡಿ ಬಳಿದ ತೆಳುವಾದ ದುಂಡನೆಯ ಹಾಳೆ ಇರುತ್ತದೆ. ಅದಕ್ಕೆ ಎರಡು ಮುಖ, ಒಂದೊಂದು ಮುಖದಲ್ಲಿ 80 ವೃತ್ತಗಳು, ಒಂದೊಂದು ವೃತ್ತದಲ್ಲಿ 18 ಕೋಣೆಗಳು. ಗುಣಿಸಿ ನೋಡಿ, 2,880 ಕೋಣೆಗಳು. ಒಂದು ಕೋಣೆಯಲ್ಲಿ 512 ಅಕ್ಷರ ಹಿಡಿಸುತ್ತವೆ. ಒಟ್ಟು 14,74,560. ಅಕ್ಷರಗಳನ್ನು ಬರೆಯುವುದು ಶಾಯಿಯಿಂದಲ್ಲ. ಸಣ್ಣ ಸಣ್ಣ ಜಾಗಗಳನ್ನು ಒಂದೊಂದು ದಿಕ್ಕಿಗೆ ಕಾಂತಗೊಳಿಸಿ ಬರೆಯುತ್ತಾರೆ. ಅದರ ಪಕ್ಕ ಬಲವಾದ ಕಾಂತ ತಂದರೆ ಬರಹ ಅಳಿಸಿಹೋಗಬಹುದು. ತೇವ, ಬೂಷ್ಟು, ವಯಸ್ಸು ಕೂಡ ಅದಕ್ಕೆ ಶತ್ರುಗಳೇ.

ಮತ್ತೆ ನಾನು ಅವನ್ನು ಎಲ್ಲಿ ಇಟ್ಟಿದ್ದೆ? ದಂಡಕಾಂತಗಳ ಜೊತೆ, ಒಂದೇ ಖಾನೆಯಲ್ಲಿ. ಕಾಂತೀಯತೆಯ ಪಾಠ ಮಾಡುವ ಶಿಕ್ಷಕಿಯೇ ಹೀಗೆ ಮಾಡಿದ್ದೆ! ಎರಡನೆಯ ಫ್ಲಾಪಿಯಲ್ಲಂತೂ ಬೂಷ್ಟು ಹಿಡಿದು ಏನೂ ಉಳಿದಿರಲಿಲ್ಲ.

ಓದಲು ಬಂದಷ್ಟನ್ನು ಓದಿ, ಬಾರದ ಕೋಣೆಯನ್ನು ಖಾಲಿ ಬಿಟ್ಟು ಮುಂದೆ ಹೋಗುವ ತಂತ್ರಾಂಶವೊಂದನ್ನು ಹಚ್ಚಿದೆವು. ಪಟ್ಟಿಯಲ್ಲಿ ಒಬ್ಬೊಬ್ಬರಿಗೆ 25 ಅಕ್ಷರದ ಒಂದು ಸಾಲು. 40 ಜನಕ್ಕೆ 1,000 ಅಕ್ಷರ, ಅಂದರೆ ಎರಡು ಕೋಣೆ. ಮೊದಲ ಕೋಣೆ ಸಿಕ್ಕಿತು, ಎರಡನೆಯದು ಸಿಗಲಿಲ್ಲ. 20 ಹೆಸರು ಪೂರ್ತಿ ಬಂದವು. 21ನೆಯ ಸಾಲು ಅರ್ಧಕ್ಕೇ ನಿಂತಿತು. ಉಳಿದದ್ದೆಲ್ಲ ಖಾಲಿ.

ಪರದೆಯ ಮೇಲೆ ಹೆಸರು ಓದುತ್ತಿದ್ದ ಒಬ್ಬ ಹುಡುಗಿ ತಟ್ಟನೆ ಎದ್ದು ನಿಂತಳು. "ಅಕ್ಕೋರ, ಅದು ನಮ್ಮವ್ವನ ಹೆಸರ್ರಿ!" ಎದುರಿಗೆ ಅಂಕ 18. "ನಮ್ಮವ್ವ ಇಷ್ಟ್ ಚಲೋ ಮಗ್ಗಿ ಹೇಳ್ತಿದ್ಲಂತ ನನಗ ಗೊತ್ತ ಇರಲಿಲ್ರಿ," ಎಂದಳು. ಅವಳ ತಾಯಿ ನನ್ನ ವಿದ್ಯಾರ್ಥಿನಿ. ಏಳನೆಯದಕ್ಕೆ ಶಾಲೆ ಬಿಟ್ಟವಳು.

ಮೊದಲು ಆಟದ ಬಗ್ಗೆ ಕೇಳಿದ್ದ ಹುಡುಗ ಪಟ್ಟಿಯನ್ನು ಎರಡು ಸಲ ಓದಿದ. "ನಮ್ಮಪ್ಪಂದ ಎಲ್ಲೈತ್ರಿ? ಅಂವನೂ ಇದ ಸಾಲ್ಯಾಗ ಕಲಿತಾನ್ರಿ." ನನ್ನ ಬಳಿ ಉತ್ತರ ಇರಲಿಲ್ಲ. ಕಳೆದುಹೋದ ಕೋಣೆಯಲ್ಲಿತ್ತು, ತಪ್ಪು ನನ್ನದು ಎಂದೆ.

ಶನಿವಾರ ಅವನು ತಂದೆಯನ್ನು ಕರೆದುಕೊಂಡು ಬಂದ. ಅವರು ಹೊಲದಿಂದ ನೇರವಾಗಿ ಬಂದಿದ್ದರು. ಕೈ ತೊಳೆದುಕೊಂಡು ಸಣ್ಣ ಬೆಂಚಿನ ಮೇಲೆ ಕುಳಿತರು. ಗಾಡಿ ಕಂಡ ಕೂಡಲೇ, "ಹೆಡ್‌ಮಾಸ್ತರ ಎತ್ತು!" ಎಂದರು. ಆಡಿದರು. 13 ಅಂಕ ಬಂತು, ಗಾಡಿ ಸೋತಿತು. ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೆಸರು ಒತ್ತಿದರು. ಪಟ್ಟಿಗೆ ಒಂದು ಸಾಲು ಹೊಸದಾಗಿ ಸೇರಿತು. ಉಳಿದ ಹೆಸರುಗಳು ಇನ್ನೂ ಬರಬೇಕಾಗಿವೆ.

ನೀವೂ ಹುಡುಕಿ

ದೊಡ್ಡವರೆನಿಸಿಕೊಂಡವರ ಕಥೆಯೂ ಇದೇ. ಜೋರ್ಡನ್ ಮೆಕ್ನರ್ ಎಂಬುವರು 1989ರಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಪ್ರಸಿದ್ಧ ಆಟ ಮಾಡಿದರು. ಅದರ ಮೂಲ ಬರಹ ಕಳೆದೇಹೋಯಿತು ಎಂದುಕೊಂಡಿದ್ದರು. 2012ರಲ್ಲಿ ಅವರ ತಂದೆಗೆ ಹಳೆಯ ಪೆಟ್ಟಿಗೆಯೊಂದರಲ್ಲಿ ಆ ಫ್ಲಾಪಿಗಳು ಸಿಕ್ಕವು. ತಿಳಿದವರ ನೆರವಿನಿಂದ ಅವನ್ನು ಓದಿ, ಎಲ್ಲರೂ ನೋಡುವಂತೆ ಪ್ರಕಟಿಸಿದರು. ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ ಸಾವಿರಾರು ಆಟಗಳಿಗೆ 2020ರ ಡಿಸೆಂಬರ್ 31ರಂದು ಆಧಾರ ತಪ್ಪಿತು. ಅವಕ್ಕೂ ಈಗ ರಫಲ್ ಎಂಬ ಎಮ್ಯುಲೇಟರ್ ಇದೆ.

2000ರ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಮೂಲಕ ಕಲಿಯುವ ಕೇಂದ್ರಗಳಿಗೆ ನೆರವಾಗಿ, ಕನ್ನಡದಲ್ಲಿ ಆಟ-ಪಾಠಗಳ ಸಿ.ಡಿ.ಗಳನ್ನು ತಂದಿತ್ತು. ಅಂಥ ಸಿ.ಡಿ. ನಿಮ್ಮ ಶಾಲೆಯ ಕಪಾಟಿನಲ್ಲೂ ಇರಬಹುದು. ಗುರುಗಳ ಅನುಮತಿ ಪಡೆದು ಹುಡುಕಿ. ಸಿಕ್ಕರೆ ಹೀಗೆ ಮಾಡಿ:

1. ಗೀರು ಬೀಳದಂತೆ ಅಂಚು ಹಿಡಿದು ಎತ್ತಿ. ಬಿಸಿಲು, ತೇವದಿಂದ ದೂರ ಇಡಿ. ಫ್ಲಾಪಿಯಾದರೆ ಕಾಂತದಿಂದಲೂ ದೂರ ಇಡಿ.

2. ನಡೆಸುವ ಮೊದಲು ಗುರುಗಳ ನೆರವಿನಿಂದ ನಕಲು ಮಾಡಿ. ಒಂದು ಕಡೆ ಅಲ್ಲ, ಮೂರು ಕಡೆ ಇಡಿ.

3. ಯಾವ ವರ್ಷದ್ದು, ಯಾವ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು, ಎಷ್ಟು ವೇಗ ಇತ್ತು ಎಂದು ಹಿರಿಯರನ್ನು ಕೇಳಿ ಕಾಗದದ ಮೇಲೆ ಬರೆದಿಡಿ.

ಮೂರನೆಯದು ಸಣ್ಣ ಕೆಲಸ ಎನ್ನಬೇಡಿ. ಹೆಡ್‌ಮಾಸ್ತರು ಆ ಒಂದು ಸಾಲು ಬರೆಯದೆ ಇದ್ದಿದ್ದರೆ ನಮ್ಮ ಗಾಡಿಗೆ ಅದರ ನಡಿಗೆ ಸಿಗುತ್ತಿರಲಿಲ್ಲ.