ದೇಗ್ ಯಾರ ಮನೆಯಲ್ಲಿದೆ?



ಹಳೆಯ ವಿದ್ಯಾರ್ಥಿಯಾಗಿ ಕಾಲೇಜಿನ ವಾರ್ತಾಪತ್ರಕ್ಕೆ ಏನಾದರೂ ಬರೆದುಕೊಡು ಎಂದು ಕಂಪ್ಯೂಟರ್ ಸೈನ್ಸ್ ಸರ್ ಫೋನ್ ಮಾಡಿದಾಗ, "ಸರ್, ನಾನು ಮಾಡೋದು ಕರ್ನಲ್ ಕೆಲಸ. ಮಕ್ಕಳಿಗೆ ಬೇಜಾರಾಗುತ್ತೆ" ಎಂದೆ. "ನಿನಗೆ ಅದು ಹೇಗೆ ಅರ್ಥ ಆಯ್ತೋ ಹಾಗೇ ಬರಿ" ಎಂದರು. ನನಗೆ ಅದು ಅರ್ಥವಾದದ್ದು ಕುಂದೂರಿನ ನಮ್ಮ ಮಸೀದಿಯ ಒಂದು ತಾಮ್ರದ ದೇಗ್‌ನಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಇದರಲ್ಲಿ ನನ್ನ ತಪ್ಪೊಂದಿದೆ. ಅದನ್ನು ಬಿಟ್ಟು ಬರೆದರೆ ಬರೆದಂತಾಗುವುದಿಲ್ಲ.

ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಮಸೀದಿಯ ಪಕ್ಕದ ಕೋಣೆಯಲ್ಲಿ ಮೂರು ದೊಡ್ಡ ದೇಗ್‌ಗಳು, ಚಾಪೆಗಳು, ನೀರಿನ ಡ್ರಮ್‌ಗಳು ಇದ್ದವು. ಮದುವೆ, ಅಖೀಖಾ, ಜಿಯಾರತ್, ಯಾವುದಕ್ಕೇ ಆಗಲಿ ಊರಿನವರು ಬಂದು ಒಯ್ಯುತ್ತಿದ್ದರು. ಮುತವಲ್ಲಿ ಸಾಹೇಬರು ಒಂದು ದಿನ ನನ್ನನ್ನು ಕರೆದು, "ನಿನ್ನ ಅಕ್ಷರ ಚೆನ್ನಾಗಿದೆ, ಲೆಕ್ಕದ ಪುಸ್ತಕ ನೀನು ನೋಡ್ಕೋ. ಇದು ಅಮಾನತ್ ಬೇಟಾ" ಎಂದರು. ಒಯ್ದವರ ಹೆಸರು ಬರೆಯಬೇಕು, ತಂದುಕೊಟ್ಟಾಗ ಹೆಸರಿನ ಮೇಲೆ ಗೆರೆ ಎಳೆಯಬೇಕು. ಇಷ್ಟೇ ಕೆಲಸ. ಕೋಣೆಯ ಬೀಗದ ಕೈ ಮೌಜನ್ ಸಾಹೇಬರ ಹತ್ತಿರ ಇರುತ್ತಿತ್ತು.

ಆ ವರ್ಷ ಕಾಫಿ ಕೊಯ್ಲಿನ ಹೊತ್ತಿನಲ್ಲಿ, ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ಚಾಚಾ ಮಗಳ ಮದುವೆಗೆಂದು ಒಂದು ದೇಗ್ ಒಯ್ದರು. ಮರುದಿನ ಇನ್ನೊಂದು ಮನೆಯಲ್ಲಿ ಅಖೀಖಾ ಇತ್ತು. ಆ ವಾರ ಆನೆಗಳು ನಮ್ಮ ಕಡೆಯ ತೋಟಗಳಲ್ಲೇ ಇದ್ದವು. ಕತ್ತಲಾದ ಮೇಲೆ ದೇಗ್ ಹೊತ್ತುಕೊಂಡು ಮಸೀದಿಯ ಏರು ಹತ್ತುವುದು ಯಾರಿಗೂ ಬೇಡವಾಗಿತ್ತು. ಹಾಗಾಗಿ ಲೈನ್ ಮನೆಯಿಂದಲೇ ಆ ಮನೆಯವರು ಮಧ್ಯಾಹ್ನ ಆಟೋದಲ್ಲಿ ಒಯ್ದರು. ಚಾಚಾ ಅಸರ್ ನಮಾಜಿಗೆ ಬಂದವರು, "ಬೇಟಾ, ದೇಗ್ ಕೊಟ್ಟಾಯ್ತು" ಎಂದರು. ನಾನು ಅವರ ಹೆಸರಿನ ಮೇಲೆ ಗೆರೆ ಎಳೆದೆ. ಸಂಜೆ ದಾರಿಯಲ್ಲಿ ಆ ಇನ್ನೊಂದು ಮನೆಯ ಹುಡುಗ ಸಿಕ್ಕಿ, "ದೇಗ್ ನಮ್ಮನೇಲಿದೆ ಕಣೋ, ಬರ್ಕೋ" ಎಂದ. ಹೂಂ ಎಂದೆ. ಮರುದಿನ ಭೌತಶಾಸ್ತ್ರದ ಪೂರ್ವಸಿದ್ಧತಾ ಪರೀಕ್ಷೆ. ಬರೆಯಲಿಲ್ಲ.

ಹತ್ತು ದಿನ ಕಳೆದ ಮೇಲೆ ಮುತವಲ್ಲಿ ಸಾಹೇಬರು ಪುಸ್ತಕ ನೋಡಿದರು. ಯಾರ ಹೆಸರೂ ಬಾಕಿ ಇಲ್ಲ. ಮೂರೂ ದೇಗ್ ಒಳಗಿವೆ ಎಂದುಕೊಂಡು ಕಲಾಯಿ ಹಾಕುವವರನ್ನು ಕರೆಸಿದರು. ಅವರು ಬಂದು ತಿದಿ ಹೂಡಿ, ಇದ್ದಿಲು ಹೊತ್ತಿಸಿ ಕುಳಿತರು. ಕೋಣೆಯ ಬಾಗಿಲು ತೆಗೆದರೆ ಎರಡೇ ದೇಗ್.

ಕೊನೆಯ ಹೆಸರು ಚಾಚಾ ಅವರದ್ದು. ಅಖೀಖಾ ಮಾಡಿದ ಮನೆಯವರು ಮನೆಗೆ ಬೀಗ ಹಾಕಿ ನೆಂಟರ ಊರಿಗೆ ಹೋಗಿದ್ದರು. ಚಾಚಾ, "ನಾನು ಅವರಿಗೇ ಕೊಟ್ಟೆ" ಎಂದರು. ಕೇಳಿದವರು ಪುಸ್ತಕ ನೋಡಿದರು, ಅಲ್ಲಿ ಅವರ ಹೆಸರೇ ಇಲ್ಲ. "ಏನಪ್ಪಾ, ನಿನಗೇನಾದರೂ ಗೊತ್ತಾ?" ಎಂದು ನನ್ನನ್ನು ಕೇಳಿದಾಗ ಆ ಹುಡುಗ ದಾರಿಯಲ್ಲಿ ಹೇಳಿದ್ದು ನನಗೆ ನೆನಪಿತ್ತು. ಹೆದರಿಕೆಯಾಯಿತು. "ಪುಸ್ತಕದಲ್ಲಿ ಇದ್ದ ಹಾಗೆ" ಎಂದುಬಿಟ್ಟೆ. ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಶುಕ್ರವಾರ, ಯಾವಾಗಲೂ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಚಾಚಾ ಕೊನೆಯ ಸಾಲಿನಲ್ಲಿ, ಚಪ್ಪಲಿಗಳ ಹತ್ತಿರ ನಿಂತರು. ಮರುದಿನ ಬೆಳಗ್ಗೆ ಹೋಗಿ ಮುತವಲ್ಲಿ ಸಾಹೇಬರಿಗೆ ಎಲ್ಲ ಹೇಳಿದೆ. ನಾಲ್ಕು ದಿನ ತಡವಾಗಿತ್ತು.

ಈಗ ಕರ್ನಲ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದು ಲಿನಕ್ಸ್ ಕರ್ನಲ್. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ತೆರೆದ ಪ್ರತಿಯೊಂದು ಫೈಲ್, ಜೋಡಿಸಿದ ಪ್ರತಿಯೊಂದು ಪೆನ್‌ಡ್ರೈವ್, ನಡೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಕರ್ನಲ್ ಮೆಮೊರಿಯಲ್ಲಿ ಒಂದು ಆಬ್ಜೆಕ್ಟ್ ಇಟ್ಟಿರುತ್ತದೆ. ಒಂದೇ ಆಬ್ಜೆಕ್ಟನ್ನು ಹಲವು ಕೋರ್‌ಗಳು ಒಂದೇ ಹೊತ್ತಿಗೆ ಮುಟ್ಟುತ್ತವೆ. ಹಾಗಾದರೆ ಅದರ ಮೆಮೊರಿಯನ್ನು ಬಿಡುಗಡೆ ಮಾಡುವುದು ಯಾವಾಗ? ಯಾರೂ ಬಳಸುತ್ತಿಲ್ಲ ಎಂದು ಖಚಿತವಾದಾಗ. ಅದನ್ನು ತಿಳಿಯಲು ಆಬ್ಜೆಕ್ಟಿನಲ್ಲೇ ಒಂದು ಎಣಿಕೆ ಇರುತ್ತದೆ, ರೆಫರೆನ್ಸ್ ಕೌಂಟ್. ಬಳಸುವವನು ಬಂದರೆ ಒಂದು ಕೂಡಿಸು, ಹೋದರೆ ಒಂದು ಕಳೆ, ಸೊನ್ನೆಯಾದರೆ ಬಿಡುಗಡೆ. ನಮ್ಮ ಮಸೀದಿಯ ಪುಸ್ತಕವೂ ಇದೇ. ನಾನು ಮಾಡಿದ ತಪ್ಪಿಗೂ ಕರ್ನಲ್‌ನಲ್ಲಿ ಹೆಸರಿದೆ. ಒಬ್ಬ ಇನ್ನೊಬ್ಬನಿಗೆ ವಸ್ತುವನ್ನು ದಾಟಿಸುವಾಗ ಕಳೆದದ್ದಾಯಿತು, ಕೂಡಿಸಿದ್ದಾಗಲಿಲ್ಲ. ಕಾಗದದ ಮೇಲೆ ಸೊನ್ನೆ, ದೇಗ್ ಮಾತ್ರ ಇನ್ನೊಬ್ಬರ ಒಲೆಯ ಮೇಲೆ. ಬಿಡುಗಡೆಯಾದ ಮೆಮೊರಿಯನ್ನು ಇನ್ನೂ ಯಾರೋ ಬಳಸುತ್ತಿದ್ದರೆ ಅದಕ್ಕೆ ಯೂಸ್-ಆಫ್ಟರ್-ಫ್ರೀ ಎನ್ನುತ್ತಾರೆ. ಇದಕ್ಕೆ ನಿಯಮ ಸುಲಭ: ಮೊದಲು ಹೊಸ ಹೆಸರು ಬರೆ, ಆಮೇಲೆ ಹಳೆಯ ಹೆಸರು ಹೊಡೆ. ಈ ಕ್ರಮ ಎಂದೂ ತಿರುಗುಮುರುಗಾಗಬಾರದು.

"ಬೀಗ ಇತ್ತಲ್ಲ, ಸಾಲದಾ?" ಎಂದು ನೀವು ಕೇಳಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಯುಎಸ್‌ಬಿಯಲ್ಲಿ ಜೋಡಿಸುವ ಒಂದು ಅಳತೆ ಯಂತ್ರಕ್ಕೆ ಡ್ರೈವರ್ ಬರೆದೆ. ಆಬ್ಜೆಕ್ಟಿನೊಳಗೆ ಒಂದು ಲಾಕ್ ಇಟ್ಟೆ. ಓದುವವನು ಲಾಕ್ ಹಿಡಿದೇ ಓದಬೇಕು. ಕೇಬಲ್ ಕಿತ್ತಾಗ ಓಡುವ ಕೋಡ್ ಲಾಕ್ ಹಿಡಿದು, ಯಂತ್ರ ಹೋಯಿತೆಂದು ಗುರುತು ಹಾಕಿ, ಲಾಕ್ ಬಿಟ್ಟು, ಆಬ್ಜೆಕ್ಟನ್ನು ಬಿಡುಗಡೆ ಮಾಡುತ್ತಿತ್ತು. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಆದರೆ ಅದೇ ಗಳಿಗೆಯಲ್ಲಿ ಇನ್ನೊಬ್ಬ ಓದುವವನು ಆ ಲಾಕ್‌ಗಾಗಿ ಹೊರಗೆ ಕಾಯುತ್ತಿದ್ದರೆ? ಅವನ ಸರದಿ ಬರುವ ಹೊತ್ತಿಗೆ ಆಬ್ಜೆಕ್ಟೂ ಇಲ್ಲ, ಅದರೊಳಗಿನ ಲಾಕೂ ಇಲ್ಲ. ಕೋಣೆಯ ಬೀಗದ ಕೈಯನ್ನು ಕೋಣೆಯೊಳಗೇ ಇಟ್ಟು, ಕೋಣೆಯನ್ನೇ ಕೆಡವಿದ ಹಾಗೆ. ಲಾಕ್ ಹೇಳುವುದು "ಈಗ ಯಾರು ಮುಟ್ಟಬಹುದು" ಎಂಬುದನ್ನು ಮಾತ್ರ. ವಸ್ತು ಇನ್ನೂ ಇದೆಯೇ ಎಂಬುದನ್ನು ಎಣಿಕೆ ಹೇಳಬೇಕು. ಮೌಜನ್ ಸಾಹೇಬರ ಬೀಗ ಎಷ್ಟು ಗಟ್ಟಿ ಇದ್ದರೂ ಲೈನ್ ಮನೆಯಲ್ಲಿದ್ದ ದೇಗನ್ನು ಅದು ಕಾಯಲಾರದು.

ಆ ಡ್ರೈವರ್ ಇದ್ದ ಯಂತ್ರ ವಾರಕ್ಕೆ ಒಂದೆರಡು ಸಲ ನಿಂತುಹೋಗುತ್ತಿತ್ತು. ಪ್ರತಿ ಸಲವೂ ಪರದೆಯ ಮೇಲೆ ಬರುತ್ತಿದ್ದದ್ದು ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಬರೆದ ಫಂಕ್ಷನ್ನಿನ ಹೆಸರು. ನಾನು ಬಿಡುಗಡೆ ಮಾಡಿದ ಮೆಮೊರಿಯನ್ನು ಕರ್ನಲ್ ಅವನ ಆಬ್ಜೆಕ್ಟಿಗೆ ಕೊಟ್ಟಿರುತ್ತಿತ್ತು. ನನ್ನ ಡ್ರೈವರ್ ಅದರ ಮೇಲೆ ಗೀಚಿ ಹೋಗುತ್ತಿತ್ತು. ಮುಗ್ಗರಿಸಿ ಬೀಳುತ್ತಿದ್ದದ್ದು ಅವನ ಕೋಡ್. ಎರಡು ವಾರ ಅವನು ರಾತ್ರಿ ಕುಳಿತು ತನ್ನ ಕೋಡನ್ನೇ ಹುಡುಕಿದ. ಮೀಟಿಂಗಿನಲ್ಲಿ ಅವನು ತಲೆತಗ್ಗಿಸಿ ಕೊನೆಯ ಕುರ್ಚಿಯಲ್ಲಿ ಕುಳಿತದ್ದನ್ನು ನೋಡಿದಾಗ ನನಗೆ ಆ ಶುಕ್ರವಾರದ ಕೊನೆಯ ಸಾಲು ನೆನಪಾಯಿತು. ಅಂದು ಸಂಜೆಯೇ ನನ್ನ ಡ್ರೈವರನ್ನೂ ಸೇರಿಸಿ ಕೇಸಾನ್ ಹಾಕಿ ಓಡಿಸೋಣ ಎಂದೆ.

ಕೇಸಾನ್ ಎಂದರೆ ಕರ್ನಲ್ ಅಡ್ರೆಸ್ ಸ್ಯಾನಿಟೈಸರ್. 2015ರಲ್ಲಿ ಲಿನಕ್ಸ್ 4.0ರೊಂದಿಗೆ ಬಂದ ಪರೀಕ್ಷಾ ಸಾಧನ. ಯಂತ್ರ ನಿಧಾನವಾಗುತ್ತದೆ, ಆದರೆ ಬಿಡುಗಡೆಯಾದ ಮೆಮೊರಿಯನ್ನು ಯಾರಾದರೂ ಮುಟ್ಟಿದರೆ ಆ ಕ್ಷಣದಲ್ಲೇ ಹಿಡಿದು ಮೂರು ಸಂಗತಿ ಹೇಳುತ್ತದೆ: ಈಗ ಮುಟ್ಟಿದ್ದು ಯಾರು, ಮೊದಲು ಪಡೆದದ್ದು ಯಾರು, ನಡುವೆ ಬಿಡುಗಡೆ ಮಾಡಿದ್ದು ಯಾರು. ಮೂರೂ ಕಡೆ ಇದ್ದದ್ದು ನನ್ನ ಡ್ರೈವರ್. ಹುಡುಗನ ಹೆಸರು ಎಲ್ಲಿಯೂ ಇರಲಿಲ್ಲ. ಈ ಸಲ ನಾಲ್ಕು ದಿನ ಕಾಯಲಿಲ್ಲ. ಮರುದಿನದ ಮೀಟಿಂಗಿನಲ್ಲಿ ಮೊದಲು ನಾನೇ ಮಾತಾಡಿದೆ.

ಸರಿಪಡಿಸಿದ್ದು ಹೀಗೆ. ಫೈಲ್ ತೆರೆದಾಗ ಎಣಿಕೆಗೆ ಒಂದು ಕೂಡಿಸು, ಮುಚ್ಚಿದಾಗ ಕಳೆ. ಕೇಬಲ್ ಕಿತ್ತಾಗ "ಯಂತ್ರ ಹೋಯಿತು" ಎಂದು ಲಾಕ್ ಹಿಡಿದು ಗುರುತು ಹಾಕಿ, ತನ್ನ ಪಾಲಿನ ಒಂದನ್ನು ಮಾತ್ರ ಕಳೆ. ಕೊನೆಗೆ ಹೋಗುವವನು ಯಾರೋ ಅವನೇ ದೀಪ ಆರಿಸಬೇಕು. ಇನ್ನೂ ಒಂದು ಎಚ್ಚರ ಬೇಕು. ಎಣಿಕೆ ಸೊನ್ನೆಯಾದ ವಸ್ತುವನ್ನು ಮತ್ತೆ ಒಂದಕ್ಕೆ ಏರಿಸುವಂತಿಲ್ಲ. ಸತ್ತದ್ದು ಸತ್ತಂತೆಯೇ. ಆದ್ದರಿಂದ ಪಟ್ಟಿಯಲ್ಲಿ ವಸ್ತುವನ್ನು ಹುಡುಕುವಾಗ ಬೇಕಾದ ಲಾಕ್ ವಸ್ತುವಿನ ಹೊರಗಿರಬೇಕು.

ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲೋಕಕ್ಕೇ ಗೊತ್ತಾದ ಉದಾಹರಣೆ ಇದೆ. 2016ರ ಜನವರಿಯಲ್ಲಿ ಲಿನಕ್ಸಿನ ಕೀರಿಂಗ್ ಭಾಗದಲ್ಲಿ ಒಂದು ದೋಷ ಬಯಲಾಯಿತು. ಒಂದು ದಾರಿಯಲ್ಲಿ ಕೂಡಿಸುತ್ತಿದ್ದರು, ಕಳೆಯಲು ಮರೆತಿದ್ದರು. ಎಣಿಕೆ 32 ಬಿಟ್‌ನದ್ದು. 429,49,67,296 ಸಲ ಅದೇ ದಾರಿಯಲ್ಲಿ ಹೋದರೆ, ಸ್ಕೂಟರ್ ಮೀಟರ್ ಸುತ್ತು ಮುಗಿಸಿ ಸೊನ್ನೆಗೆ ಬರುವಂತೆ, ಎಣಿಕೆ ಸೊನ್ನೆಗೆ ಬರುತ್ತಿತ್ತು. ಬಳಕೆಯಲ್ಲಿರುವ ವಸ್ತು ಬಿಡುಗಡೆಯಾಗುತ್ತಿತ್ತು, ಸಾಮಾನ್ಯ ಬಳಕೆದಾರ ಯಂತ್ರದ ಪೂರ್ತಿ ಅಧಿಕಾರ ಪಡೆಯಬಹುದಿತ್ತು. 2017ರಲ್ಲಿ ಬಂದ ಹೊಸ ಬಗೆಯ ಎಣಿಕೆ ಮಿತಿ ಮುಟ್ಟಿದರೆ ಸುತ್ತಿ ಬರುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಒಂದು ವಸ್ತು ಶಾಶ್ವತವಾಗಿ ಮೆಮೊರಿಯಲ್ಲಿ ಉಳಿದರೂ ಪರವಾಗಿಲ್ಲ, ಇನ್ನೊಬ್ಬರ ಕೈಯಲ್ಲಿರುವಾಗ ಕಿತ್ತುಕೊಳ್ಳುವುದು ಬೇಡ ಎಂಬ ತೀರ್ಮಾನ ಅದು.

ಇಷ್ಟೆಲ್ಲ ಲಾಕ್, ಎಣಿಕೆ ಇದ್ದರೆ ಯಂತ್ರ ನಿಧಾನವಾಗುವುದಿಲ್ಲವೇ? ಆಗುತ್ತದೆ. 1996ರ ಲಿನಕ್ಸ್ 2.0ರಲ್ಲಿ ಹಲವು ಪ್ರೊಸೆಸರ್‌ಗಳಿಗೆ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್ ಇತ್ತು, ಮನೆಗೆಲ್ಲ ಒಂದೇ ಬೀಗದ ಕೈ ಇದ್ದಂತೆ. ಅದನ್ನು ಸಣ್ಣ ಸಣ್ಣ ಲಾಕ್‌ಗಳಾಗಿ ಒಡೆದು ಪೂರ್ತಿ ತೆಗೆದುಹಾಕಲು 2011ರವರೆಗೆ ಹಿಡಿಯಿತು. ಸಣ್ಣ ಲಾಕ್‌ಗಳಾದರೆ ಬೇರೆ ತೊಂದರೆ. ಒಮ್ಮೆ ನಾನು ಪುಸ್ತಕ ಹಿಡಿದು ಕೋಣೆಯ ಹತ್ತಿರ ಮೌಜನ್ ಸಾಹೇಬರ ಬೀಗದ ಕೈಗಾಗಿ ಕಾಯುತ್ತಿದ್ದೆ, ಅವರು ಬೀಗದ ಕೈ ಹಿಡಿದು ನಮ್ಮ ಮನೆಯ ಹತ್ತಿರ ನನ್ನ ಪುಸ್ತಕಕ್ಕಾಗಿ ಕಾಯುತ್ತಿದ್ದರು. ಅರ್ಧ ಗಂಟೆ ಹೋಯಿತು. ಕರ್ನಲ್‌ನಲ್ಲಿ ಹೀಗಾದರೆ ಅರ್ಧ ಗಂಟೆಯಲ್ಲ, ಯಾರಾದರೂ ಯಂತ್ರ ಆರಿಸುವವರೆಗೂ ಕಾಯುತ್ತಲೇ ಇರುತ್ತಾರೆ. ಎರಡು ಲಾಕ್ ಬೇಕಿದ್ದರೆ ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿಯಬೇಕು, ಅಷ್ಟೇ.

ಲಾಕ್ ಹಿಡಿಯದೆಯೇ ಓದುವ ದಾರಿಯೂ ಇದೆ. ಅದರ ಕಥೆಯಲ್ಲಿ ನಮ್ಮ ಬೆಂಗಳೂರು ಬರುತ್ತದೆ. ಪಾಲ್ ಮೆಕೆನ್ನಿ ರೂಪಿಸಿದ ರೀಡ್-ಕಾಪಿ ಅಪ್‌ಡೇಟ್, ಚಿಕ್ಕದಾಗಿ ಆರ್‌ಸಿಯು, 2002ರ ಅಕ್ಟೋಬರಿನಲ್ಲಿ ಲಿನಕ್ಸ್ 2.5.43ಕ್ಕೆ ಸೇರಿತು. ಆ ಕೆಲಸದಲ್ಲಿ ಮುಂದಿದ್ದವರು ಬೆಂಗಳೂರಿನ ಐಬಿಎಂನಲ್ಲಿದ್ದ ದೀಪಂಕರ್ ಸರ್ಮಾ. ಫೈಲುಗಳ ಹೆಸರು ಹುಡುಕುವ ಭಾಗಕ್ಕೆ ಅದನ್ನು ಅಳವಡಿಸಿದ ಬಗ್ಗೆ ಅವರು, ಮನೀಶ್ ಸೋನಿ ಮತ್ತು ಮೆಕೆನ್ನಿ ಸೇರಿ 2004ರಲ್ಲಿ ಲಿನಕ್ಸ್ ಜರ್ನಲ್‌ನಲ್ಲಿ ಲೇಖನ ಬರೆದರು. ಅದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಏಕೆಂದರೆ ದೇಗ್ ಗಲಾಟೆಯ ಮೇಲೆ ಮುತವಲ್ಲಿ ಸಾಹೇಬರು ಕಲಾಯಿಗೆಂದು ಮಾಡಿದ ನಿಯಮವೇ ಅದು. ಹಳೆಯ ದೇಗ್ ಬದಲಿಗೆ ಮೊದಲು ಇನ್ನೊಂದನ್ನು ತಂದಿಡು. ಇವತ್ತಿನಿಂದ ಕೇಳಿಬಂದವರಿಗೆ ಹೊಸದನ್ನೇ ಕೊಡು. ಇವತ್ತಿಗಿಂತ ಮೊದಲು ಹಳೆಯದನ್ನು ಒಯ್ದವರು ಮುಗಿಸುವವರೆಗೆ ಸುಮ್ಮನೆ ಕಾಯಿ, ಅವಸರ ಮಾಡಬೇಡ. ಅವರೆಲ್ಲ ಮುಗಿಸಿದ ಮೇಲೆ ಹಳೆಯದನ್ನು ಬೆಂಕಿಗಿಡು. ಆರ್‌ಸಿಯುನಲ್ಲಿ ಈ ಕಾಯುವ ಹೊತ್ತಿಗೆ ಗ್ರೇಸ್ ಪೀರಿಯಡ್ ಎನ್ನುತ್ತಾರೆ. ಓದುವವರು ಲಾಕ್‌ಗಾಗಿ ನಿಲ್ಲಬೇಕಾಗಿಲ್ಲ, ಕಾಯುವ ಕಷ್ಟವೆಲ್ಲ ಬದಲಾಯಿಸುವವನದ್ದು.

ತಮ್ಮ ತಂಗಿಯರೇ, ಕರ್ನಲ್ ಕೋಡ್ ಯಾರು ಬೇಕಾದರೂ ಓದಬಹುದು, ಹಣ ಕೊಡಬೇಕಾಗಿಲ್ಲ. ಪಾಯಿಂಟರ್ ಪಾಠ ಕಷ್ಟವೆನಿಸಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ವಸ್ತು ಈಗ ಯಾರ ಕೈಯಲ್ಲಿದೆ, ಅದನ್ನು ಎಲ್ಲಿ ಬರೆದಿದೆ? ಯಂತ್ರ ನಿಂತಾಗ ಪರದೆಯ ಮೇಲೆ ಕಂಡ ಹೆಸರೇ ತಪ್ಪಿತಸ್ಥನದ್ದು ಎಂದು ತೀರ್ಮಾನಿಸಬೇಡಿ. ಹಿಂದಕ್ಕೆ ಹೋಗಿ ಹುಡುಕಿ.

ಚಾಚಾ ಅವರ ಬಳಿ ಮಾಫಿ ಕೇಳಲು ಲೈನ್ ಮನೆಗೆ ಹೋದದ್ದನ್ನು ಹೇಳಿ ಮುಗಿಸುತ್ತೇನೆ. ಅಷ್ಟರಲ್ಲಿ ನೆಂಟರ ಊರಿಂದ ಮನೆಯವರು ವಾಪಸಾಗಿದ್ದರು, ಅವರ ಹಿತ್ತಲಲ್ಲಿ ದೇಗ್ ಸಿಕ್ಕಿತ್ತು. ಚಾಚಾ ಬೈಯಲಿಲ್ಲ. ಹಾಲಿಲ್ಲದ ಟೀ ಕೊಟ್ಟು, "ಪರೀಕ್ಷೆ ಹೇಗಾಯ್ತು?" ಎಂದು ಕೇಳಿದರು. ಹೊರಡುವಾಗ ಮಾತ್ರ, "ಬೇಟಾ, ಆ ಪುಸ್ತಕ ತಂದಿದ್ದೀಯಾ? ನನ್ನ ಕಣ್ಣೆದುರಿಗೇ ಅವರ ಹೆಸರು ಬರಿ" ಎಂದರು. ಅವರ ಮನೆಯ ಮೆಟ್ಟಿಲ ಮೇಲೆ ಕುಳಿತು ಬರೆದೆ. ಆಮೇಲೆ ಗೆರೆ ಎಳೆದೆ.