ಕುಮಾರ ಪರ್ವತದ ಹಾದಿ, ಹಗಲಿನ ಲೆಕ್ಕ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಡುವ ಬಸ್ಸಿನಲ್ಲಿ ಎರಡು ಬಗೆಯ ಪ್ರಯಾಣಿಕರಿರುತ್ತಾರೆ: ಹರಕೆ ಹೊತ್ತವರು ಮತ್ತು ಬೆನ್ನಚೀಲ ಹೊತ್ತವರು. ಬೆಳಗಾದ ಮೇಲೆ ಮೊದಲಿನವರು ದೇವಸ್ಥಾನದತ್ತ, ಎರಡನೆಯವರು ಕುಮಾರ ಪರ್ವತದತ್ತ ನಡೆಯುತ್ತಾರೆ. ವಾರವಿಡೀ ಕುರ್ಚಿಯಲ್ಲಿ ಕುಳಿತು ದುಡಿದವರಿಗೆ, ಪುಸ್ತಕದ ಮುಂದೆ ಬಾಗಿದ ವಿದ್ಯಾರ್ಥಿಗಳಿಗೆ ಈ ಎರಡು ದಿನದ ರಜೆ ದೊಡ್ಡ ಆಕರ್ಷಣೆ.

ಕುಕ್ಕೆ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಪುಷ್ಪಗಿರಿ ಎಂದೂ ಕರೆಸಿಕೊಳ್ಳುವ ಶಿಖರದ ಎತ್ತರ 1712 ಮೀಟರ್. ನಡುವಿನ ಹಾದಿ ಸುಮಾರು 13 ಕಿಲೋಮೀಟರ್. ಮೊದಲು ದಟ್ಟವಾದ ಕಾಡು, ಬೇರುಗಳೇ ಮೆಟ್ಟಿಲು. ಭೀಮನ ಬಂಡೆ ದಾಟಿ ಗಿರಿಗದ್ದೆ ತಲುಪಿದರೆ ಅರಣ್ಯ ಇಲಾಖೆಯ ತಪಾಸಣಾ ಠಾಣೆ. ಇಲ್ಲಿನ ‘ಭಟ್ಟರ ಮನೆ’ಯಲ್ಲಿ ಉಂಡ ಬಿಸಿ ಅನ್ನ, ಸಾಂಬಾರನ್ನು ಹಳೆಯ ಚಾರಣಿಗರು ಮರೆತಿಲ್ಲ. ಅಲ್ಲಿಂದ ಮುಂದೆ ಹುಲ್ಲುಗಾವಲು. ಮರದ ನೆರಳಿಲ್ಲ. ಕಲ್ಲು ಮಂಟಪದ ನಂತರ ಏರು ಕಡಿದಾಗುತ್ತದೆ. ಶೇಷ ಪರ್ವತ ಏರಿದವನು ‘ಮುಗಿಯಿತು’ ಎಂದು ಉಸಿರು ಬಿಡುವಷ್ಟರಲ್ಲಿ, ದಾರಿ ಮತ್ತೆ ಶೋಲಾ ಕಾಡಿಗೆ ಇಳಿದು, ಜಾರುವ ಬಂಡೆಯ ಮೇಲಿಂದ ಕೊನೆಯ ಶಿಖರಕ್ಕೆ ಹತ್ತುತ್ತದೆ.

ಈ ಹಾದಿಗೆ ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ. ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ಲೆಕ್ಕ ಹಾಕಿದರೆ ಕುಮಾರ ಪರ್ವತ ಏರಲು ಸುಮಾರು ಐದೂಕಾಲು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದಾಗಿನ ಮಾತು. ಬಿಸಿಲು, ಬಂಡೆ, ಬುತ್ತಿ, ವಿಶ್ರಾಂತಿ ಸೇರಿದರೆ ಏಳು ಗಂಟೆ ಹಿಡಿಯುವುದು ಸಹಜ. ಇಳಿಯಲು ಮತ್ತೆ ಐದು ಗಂಟೆ. ಡಿಸೆಂಬರಿನಲ್ಲಿ ಇಲ್ಲಿನ ಹಗಲು ಹನ್ನೊಂದೂವರೆ ಗಂಟೆಗಿಂತ ಹೆಚ್ಚಿಲ್ಲ. ಲೆಕ್ಕ ತಾಳೆಯಾಗುವುದಿಲ್ಲ!

ನೀರಿನ ಲೆಕ್ಕವೂ ಇದೆ. 50 ಕಿಲೋ ತೂಕದ ವಿದ್ಯಾರ್ಥಿ 1600 ಮೀಟರ್ ಏರಿದಾಗ ಗುರುತ್ವದ ವಿರುದ್ಧ ಮಾಡುವ ಕೆಲಸ ಸುಮಾರು 7.8 ಲಕ್ಷ ಜೂಲ್. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗ ಮಾತ್ರ ಕೆಲಸವಾಗುತ್ತದೆ. ಉಳಿದ ಮೂರು ಭಾಗ, ಎಂದರೆ 23 ಲಕ್ಷ ಜೂಲಿಗೂ ಹೆಚ್ಚು, ಶಾಖ. ಒಂದು ಲೀಟರ್ ಬೆವರು ಆವಿಯಾದಾಗ ದೇಹದಿಂದ ಒಯ್ಯುವುದು ಸುಮಾರು 24 ಲಕ್ಷ ಜೂಲ್. ಎಂದರೆ ಎತ್ತರ ಏರುವ ಕೆಲಸವೊಂದಕ್ಕೇ ಒಂದು ಲೀಟರ್ ನೀರು ಖರ್ಚು. ಕಾಡಿನ ತೇವಗಾಳಿಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕಿದರೆ ಅದು ತಂಪನ್ನೂ ಕೊಡದೆ ವ್ಯರ್ಥವಾಗುತ್ತದೆ. ಮೇಲಿನ ಗಾಳಿ ಕುಕ್ಕೆಗಿಂತ ಹತ್ತು ಡಿಗ್ರಿಯಷ್ಟು ತಂಪಾಗಿರಬಹುದು. ಅದನ್ನು ನಂಬಿ ನೀರು ಕುಡಿಯದಿದ್ದರೆ ತಲೆಸುತ್ತು, ಕಾಲುಸೆಳೆತ ತಪ್ಪಿದ್ದಲ್ಲ.

ಮಳೆಗಾಲದಲ್ಲಿ ಜಾರುವ ಬಂಡೆ, ಇಂಬಳಗಳ ಕಾಟ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿಯ ಭಯ. ಚಾರಣಕ್ಕೆ ಉಳಿಯುವುದು ಕೆಲವೇ ತಿಂಗಳು. ಅದರಲ್ಲೂ ರಜಾದಿನ ಬಂದರೆ ನೂಕುನುಗ್ಗಲು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಜನ ಕಿಕ್ಕಿರಿದ ಮೇಲೆ ಇಲಾಖೆ ಚಾರಣವನ್ನು ತಡೆದು, ಮುಂದೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ಇದು ವಿಶ್ವ ಪರಂಪರೆಯ ಪಟ್ಟಿಗೆ 2012ರಲ್ಲಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದಾದ ಪುಷ್ಪಗಿರಿ ವನ್ಯಧಾಮ. ನೇತ್ರಾವತಿಯನ್ನು ಸೇರುವ ಕುಮಾರಧಾರೆಯ ತವರು. ಬಿಸುಟ ಪ್ಲಾಸ್ಟಿಕ್ ಬಾಟಲಿ ಮಳೆ ಬಂದಾಗ ಆ ನೀರಿನ ಜೊತೆಗೇ ಇಳಿಯುತ್ತದೆ.

ಮಕ್ಕಳನ್ನು ಕಳುಹಿಸುವ ತಂದೆತಾಯಿ ‘ಹುಷಾರು’ ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ಗಂಟೆಗೆ ಹಿಂತಿರುಗುತ್ತೀರಿ ಎಂದು ಮೊದಲೇ ಕೇಳಿ ಬರೆದಿಡಬೇಕು. ಬೆಳಗಿನ ಬೆಳಕಿಗೇ ಹೊರಟ ತಂಡ ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದೆಯೋ ಅಲ್ಲಿಂದಲೇ ಹಿಂದಿರುಗಬೇಕು. ಶಿಖರ ಕಣ್ಣೆದುರಿಗೇ ಇದ್ದರೂ ಸರಿ. ಇಳಿಯುವ ಐದು ಗಂಟೆ ಕೈಯಲ್ಲಿದ್ದರೆ ಕೆಳಗಿನ ಕಾಡನ್ನು ಕತ್ತಲಾಗುವ ಮೊದಲು ದಾಟಬಹುದು. ಶೇಷ ಪರ್ವತದಿಂದಲೇ ಮರಳಿದವರೂ ಚಾರಣಿಗರೇ. ಪರ್ವತ ಮುಂದಿನ ರಜೆಗೂ ಅಲ್ಲಿಯೇ ಇರುತ್ತದೆ.